ಕಲ್ಲಿಗೆ ಮುಂಗಡ, ಗೆರೆಗೆ ಬರೀ ಸಲಾಂ!

ಮಳೆ ಕಳೆದು ಬಿಸಿಲು ಬಂತೆಂದರೆ ನಮ್ಮ ಊರುಗಳಲ್ಲಿ ಮನೆ ಕಟ್ಟುವ ಮಾತು ಶುರುವಾಗುತ್ತದೆ. ಕೆಂಪುಕಲ್ಲಿನ ಕೋರೆಯವರಿಗೆ ಫೋನ್ ಹೋಗುತ್ತದೆ. ಮರಳಿನ ರೇಟು ವಿಚಾರಿಸುತ್ತೇವೆ. ಮೇಸ್ತ್ರಿಗೆ ಮುಂಗಡ ಕೊಟ್ಟು ದಿನ ಗೊತ್ತು ಮಾಡುತ್ತೇವೆ. ಬೋರ್‌ವೆಲ್‌ನವರು ಅಡಿ ಲೆಕ್ಕದಲ್ಲಿ ಹಣ ಕೇಳಿದರೆ ಚೌಕಾಸಿ ಮಾಡುತ್ತೇವಾದರೂ ಕೊಡುವುದಿಲ್ಲ ಎಂದು ಹೇಳುವುದಿಲ್ಲ. ಆದರೆ ಇದಕ್ಕೆಲ್ಲ ಮುಂಚೆ ಆಗಬೇಕಾದ ಒಂದು ಕೆಲಸ ಉಂಟು, ಪ್ಲಾನ್. ಅದನ್ನು ಮಾತ್ರ ನಾವು ಕುಟುಂಬದ ಒಳಗೇ ಹುಡುಕುತ್ತೇವೆ. "ನಮ್ಮ ಭಾವನ ಮಗ ಆರ್ಕಿಟೆಕ್ಚರ್ ಓದುವುದಲ್ವಾ? ಅವನಿಗೆ ಹೇಳಿದರೆ ಆಯಿತು, ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ."

ಆ ಹುಡುಗನನ್ನು ಯಾರೂ ಕೇಳುವುದಿಲ್ಲ. ಅವನ ಪರವಾಗಿ ಉಮ್ಮ ಮೊದಲೇ ಒಪ್ಪಿಕೊಂಡಾಗಿರುತ್ತದೆ. ಅವನು ಪ್ಲಾನ್ ಹಾಕಿ ಕೊಟ್ಟರೆ ಮಾಮಿಗೆ ಅಡುಗೆಮನೆ ಸಣ್ಣದಾಯಿತು. ತಿದ್ದಿ ಕೊಟ್ಟರೆ ದುಬೈಯಲ್ಲಿರುವ ಅಣ್ಣನಿಗೆ ವಾಟ್ಸ್‌ಆ್ಯಪಿನಲ್ಲಿ ನೋಡಿ ಸಿಟೌಟ್ ಇಷ್ಟವಾಗಲಿಲ್ಲ. ಮೂರನೇ ಸಲ ತಿದ್ದಿ, ಮುಂಭಾಗದ ಚಿತ್ರವನ್ನೂ ಬಣ್ಣ ಹಾಕಿ ಕೊಟ್ಟ ಮೇಲೆ ಸಿಗುವುದು "ಅಲ್ಲಾಹು ಬರ್ಕತ್ ಕೊಡಲಿ ಮೋನೆ" ಎಂಬ ಮಾತು ಮತ್ತು ಮನೆ ಒಕ್ಕಲಿನ ದಿನ ಒಂದು ಪ್ಲೇಟ್ ಬಿರಿಯಾನಿ. ದುಆ ಬೇಡ ಎಂದು ನಾವು ಹೇಳುವುದಿಲ್ಲ. ದುಆದ ಜೊತೆ ಕೂಲಿಯೂ ಬರಲಿ ಎಂಬುದಷ್ಟೇ ಈ ಬರಹದ ವಿಷಯ.

ಯಾಕೆಂದರೆ ಅದೇ ಹುಡುಗ, ಅದೇ ಹುಡುಗಿ ಓದಿನ ನಡುವೆ ಸಂಜೆಯ ಹೊತ್ತು ಎಲ್ಲಾದರೂ ಡ್ರಾಫ್ಟಿಂಗ್ ಕೆಲಸ ಸಿಗಬಹುದಾ ಎಂದು ಮಂಗಳೂರಿನ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುತ್ತಾರೆ. "ಕೆಲಸ ಇಲ್ಲ" ಎಂದು ವಾಪಸು ಬರುತ್ತಾರೆ. ನಾವು ಕಂಡ ಹಾಗೆ ಕೆಲಸ ಇಲ್ಲ ಎಂಬುದು ಪೂರ್ತಿ ಸರಿಯಲ್ಲ. ಕೆಲಸ ಧಾರಾಳ ಉಂಟು, ಅದಕ್ಕೆ ಹಣ ಕೊಡುವ ಅಭ್ಯಾಸ ಇಲ್ಲ. ಆ ಅಭ್ಯಾಸ ಇಲ್ಲದವರಲ್ಲಿ ನಮ್ಮ ಸಮುದಾಯ ಮುಂದಿನ ಸಾಲಿನಲ್ಲೇ ಉಂಟು.

ಫೀಸು ಕಟ್ಟಿದರೆ ಮುಗಿಯುವ ಓದಲ್ಲ

ಇಂಜಿನಿಯರಿಂಗ್ ನಾಲ್ಕು ವರ್ಷ, ಆರ್ಕಿಟೆಕ್ಚರ್ ಐದು ವರ್ಷ. 'ನಾಟಾ'ದಂಥ ಪ್ರವೇಶ ಪರೀಕ್ಷೆ ಬರೆದು ಒಳಗೆ ಹೋದ ಮೇಲೆ ಹತ್ತು ಸೆಮಿಸ್ಟರ್. ಹಿಂದೆ ಇದನ್ನು ಓದಬೇಕಾದರೆ ಮಣಿಪಾಲ ಇಲ್ಲವೇ ಬೆಂಗಳೂರು ಎನ್ನಬೇಕಿತ್ತು. ಈಗ ಇನೋಳಿಯಲ್ಲಿ ಬ್ಯಾರೀಸ್‌ನವರ 'ಬೀಡ್ಸ್' ಉಂಟು, ನಿಟ್ಟೆಯವರ ಆರ್ಕಿಟೆಕ್ಚರ್ ಕಾಲೇಜು ಉಂಟು. ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಕಾಲೇಜು ಬಂದ ಕಾರಣ ನಮ್ಮ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈ ಕಡೆಗೆ ಬರುತ್ತಿದ್ದಾರೆ. ಸಂತೋಷದ ವಿಷಯ.

ಆದರೆ ಈ ಓದಿನ ಖರ್ಚು ಫೀಸಿನ ರಸೀದಿಯಲ್ಲಿ ಪೂರ್ತಿ ಕಾಣುವುದಿಲ್ಲ. ಪ್ರತಿ ಸೆಮಿಸ್ಟರಿನಲ್ಲೂ ಡಿಸೈನ್ ಸ್ಟುಡಿಯೋ ಇರುತ್ತದೆ. ಅದಕ್ಕೆ ಎ1 ಅಳತೆಯ ಶೀಟುಗಳು, ಅಂದರೆ ಹೆಚ್ಚುಕಮ್ಮಿ ಎರಡು ಅಡಿ ಅಗಲ, ಎರಡೂ ಮುಕ್ಕಾಲು ಅಡಿ ಉದ್ದದ ಕಾಗದ. ಅದನ್ನು ಪ್ಲಾಟ್ ಹಾಕಿಸಬೇಕು. ಜ್ಯೂರಿಯ ಹಿಂದಿನ ರಾತ್ರಿ ಒಂದು ತಪ್ಪು ಕಂಡರೆ ಮತ್ತೊಮ್ಮೆ ಹಾಕಿಸಬೇಕು. ಮಾಡೆಲ್ ಮಾಡಲು ಮೌಂಟ್‌ಬೋರ್ಡ್, ಫೋಮ್‌ಬೋರ್ಡ್, ಅಂಟು, ಬ್ಲೇಡು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತ್ರೀಡಿ ಓಡುವುದಿಲ್ಲ. ವರ್ಷಕ್ಕೊಮ್ಮೆ ದೂರದ ಊರಿಗೆ ಸ್ಟಡಿ ಟೂರ್. ಸ್ಕಾಲರ್‌ಶಿಪ್ ಸಿಕ್ಕಿದರೂ ಹೆಚ್ಚಾಗಿ ಅದು ಫೀಸಿಗೆ ಹೋಗುತ್ತದೆ, ಉಳಿದ ಖರ್ಚಿಗೆ ಉಪ್ಪನ ಹತ್ತಿರ ಕೈಚಾಚಬೇಕು. ಗಲ್ಫಿನಿಂದ ವಾಪಸು ಬಂದು ಊರಿನಲ್ಲಿ ಸಣ್ಣ ಅಂಗಡಿ ಇಟ್ಟ ಉಪ್ಪನಿಗೆ ಪ್ರತಿ ತಿಂಗಳೂ "ಶೀಟಿಗೆ ದುಡ್ಡು" ಎಂದರೆ ಅದೇನು ಲೆಕ್ಕ ಎಂದು ಅರ್ಥವಾಗುವುದೂ ಇಲ್ಲ.

ಹಾಗಾಗಿ ಆರ್ಕಿಟೆಕ್ಚರ್ ವಿದ್ಯಾರ್ಥಿ ಪಾರ್ಟ್‌ಟೈಮ್ ಕೆಲಸ ಹುಡುಕುವುದು ಮೊಬೈಲ್ ಬದಲಾಯಿಸಲಿಕ್ಕೆ ಅಂತ ತಿಳಿಯಬಾರದು. ಸುಮಾರು ಮಕ್ಕಳಿಗೆ ಅದು ಓದು ಮುಂದುವರಿಸುವ ದಾರಿ. ಅರ್ಧದಲ್ಲಿ ಬಿಟ್ಟು ಇಂಟೀರಿಯರ್ ಅಂಗಡಿಯಲ್ಲಿ ಪೂರ್ತಿ ದಿನದ ಕೆಲಸಕ್ಕೆ ಕೂತವರನ್ನು ನಾವು ನೋಡಿದ್ದೇವೆ. ಬುದ್ಧಿ ಕಡಿಮೆಯಾಗಿ ಬಿಟ್ಟವರಲ್ಲ ಅವರು.

ಎರಡು ನಿಮಿಷದ ಕೆಲಸವಾ?

"ಕಂಪ್ಯೂಟರೇ ಎಲ್ಲ ಮಾಡುತ್ತದಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅದಕ್ಕೆ ಮುಂಚೆ, ನಮ್ಮ ಊರುಗಳಲ್ಲಿ ಅದರ ನಂತರವೂ ಬಹಳ ವರ್ಷ, ದೊಡ್ಡ ಬೋರ್ಡಿನ ಮೇಲೆ ಟ್ರೇಸಿಂಗ್ ಪೇಪರ್ ಅಂಟಿಸಿ, ಟಿ-ಸ್ಕ್ವೇರ್ ಹಿಡಿದು, ಶಾಯಿ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ತಪ್ಪಿದರೆ ಬ್ಲೇಡಿನಿಂದ ಮೆಲ್ಲ ಕೆರೆದು ತೆಗೆಯಬೇಕಿತ್ತು. ಕಂಪ್ಯೂಟರ್ ಬಂದು ಕೆರೆಯುವ ಕಷ್ಟ ತಪ್ಪಿಸಿತು. ಕೋಣೆ ಎಲ್ಲಿ ಬರಬೇಕು, ಮೆಟ್ಟಿಲು ಎಲ್ಲಿ ಏರಿ ಎಲ್ಲಿ ಇಳಿಯಬೇಕು, ಕಿಟಕಿಯಿಂದ ಮಳೆಯ ಇರಚಲು ಒಳಗೆ ಹೊಡೆಯುತ್ತದಾ ಎಂದು ಯೋಚಿಸುವ ಕಷ್ಟವನ್ನು ಅದು ತಪ್ಪಿಸಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಸೆಂಟ್ಸ್ ಜಾಗ, ಅಂದರೆ 4,356 ಚದರಡಿ. ಅದರಲ್ಲಿ 1,200 ಚದರಡಿಯ ಮನೆ ಎಂದಿಟ್ಟುಕೊಳ್ಳಿ. ಜಾಗಕ್ಕೆ ಹೋಗಿ ಟೇಪ್ ಹಿಡಿದು ಅಳತೆ ತೆಗೆಯಲು 4 ಗಂಟೆ. ಮೊದಲ ಪ್ಲಾನ್ ಎರಡು ತರದಲ್ಲಿ ಹಾಕಲು 8 ಗಂಟೆ. ಮನೆಯವರು ಹೇಳಿದ ಹಾಗೆ ಮೂರು ಸಲ ತಿದ್ದಲು 6 ಗಂಟೆ. ಎರಡು ಬದಿಯ ಎಲಿವೇಷನ್, ಒಂದು ಸೆಕ್ಷನ್ ಬಿಡಿಸಲು 6 ಗಂಟೆ. ಗೋಡೆ ಗುರುತು ಹಾಕುವ ಸೆಂಟರ್‌ಲೈನ್ ಡ್ರಾಯಿಂಗ್, ಬಾಗಿಲು-ಕಿಟಕಿಯ ಪಟ್ಟಿ, ಅಳತೆಗಳನ್ನೆಲ್ಲ ತುಂಬಲು ಇನ್ನೊಂದು 6 ಗಂಟೆ. ಒಟ್ಟು 30 ಗಂಟೆ. ಮನೆಯಿಂದ ಮನೆಗೆ ಇದು ಹೆಚ್ಚುಕಮ್ಮಿ ಆಗಬಹುದು, ಆದರೆ ಎರಡು ನಿಮಿಷ ಯಾವತ್ತೂ ಆಗುವುದಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ಹಿಡಿದರೆ ಮೇಸ್ತ್ರಿಯ ಸುಮಾರು ನಾಲ್ಕು ದಿನದ ಕೆಲಸ. ಮೇಸ್ತ್ರಿಯನ್ನು ನಾಲ್ಕು ದಿನ ದುಡಿಸಿ ಸಲಾಂ ಹೇಳಿ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗೆ ಉಂಟು?

ಡ್ರಾಫ್ಟಿಂಗ್ ಎಂಬುದು ಓದಿನ ಜೊತೆ ತನ್ನಷ್ಟಕ್ಕೆ ಬರುವ ಚಿಲ್ಲರೆ ವಿದ್ಯೆ ಎಂದೂ ತಿಳಿಯಬೇಡಿ. ಐಟಿಐಯಲ್ಲಿ 'ಡ್ರಾಫ್ಟ್ಸ್‌ಮನ್ ಸಿವಿಲ್' ಎಂಬ ಎರಡು ವರ್ಷದ ಕೋರ್ಸೇ ಉಂಟು. ಅದು ಒಂದು ಕಸುಬು. ಕಸುಬು ಎಂದ ಮೇಲೆ ಅದಕ್ಕೆ ಕೂಲಿ ಇದ್ದೇ ಇರಬೇಕು.

ಬಿಟ್ಟಿ ಪ್ಲಾನ್ ಎಲ್ಲಿಗೆ ಹೋಗಿ ತಟ್ಟುತ್ತದೆ

ಇಲ್ಲಿ ಒಂದು ಕೊಂಡಿಯನ್ನು ನಾವು ಗಮನಿಸಬೇಕು. ವಿದ್ಯಾರ್ಥಿಗೆ ಪಾರ್ಟ್‌ಟೈಮ್ ಕೆಲಸ ಕೊಡಬೇಕಾದವರು ಯಾರು? ಊರಿನ ಆರ್ಕಿಟೆಕ್ಟ್‌ಗಳು, ಪ್ಲಾನ್ ಪಾಸ್ ಮಾಡಿಸಿ ಕೊಡುವ ಇಂಜಿನಿಯರ್‌ಗಳು, ಕಾಂಟ್ರಾಕ್ಟರ್‌ಗಳು. ಅವರಿಗೆ ಹಣ ಬರುವುದು ಯಾರಿಂದ? ಮನೆ ಕಟ್ಟುವ ನಮ್ಮಿಂದ. ನಾವು ಭಾವನ ಮಗನಿಂದ ಬಿಟ್ಟಿಯಾಗಿ ಪ್ಲಾನ್ ಹಾಕಿಸಿಕೊಂಡು, ಅದನ್ನು ಇಂಜಿನಿಯರ್ ಹತ್ತಿರ ಒಯ್ದು, "ನಿಮ್ಮದು ಸಹಿ, ಸೀಲು ಮಾತ್ರ ಸಾಕು, ಡ್ರಾಯಿಂಗ್ ನಮ್ಮದೇ ಉಂಟು" ಎನ್ನುತ್ತೇವೆ. ಕನ್ವರ್ಷನ್, 9/11, ಸಿಂಗಲ್ ಸೈಟ್, ಲೈಸೆನ್ಸ್ ಎಂದು ಓಡಾಡುವ ಕೆಲಸಕ್ಕೆ ಒಂದಿಷ್ಟು ಕೊಡುತ್ತೇವೆ. ಅಂಥ ಆಫೀಸಿಗೆ ಡ್ರಾಯಿಂಗ್ ಎಂಬುದರಿಂದ ಆದಾಯವೇ ಇಲ್ಲ. ಅವರು ಸಂಜೆ ಬಂದು ಕೂರುವ ಹುಡುಗಿಗೆ ಎಲ್ಲಿಂದ ಹಣ ಕೊಡಬೇಕು?

ಒಂದು ಕೈಯಲ್ಲಿ ಬಿಟ್ಟಿ ಪ್ಲಾನ್ ತೆಗೆದುಕೊಂಡು, "ಮಗನಿಗೆ ಎಲ್ಲೂ ಪಾರ್ಟ್‌ಟೈಮ್ ಸಿಗುವುದಿಲ್ಲ ಮಾರಾಯ್ರೆ" ಎಂದು ದೂರು ಹೇಳುವುದೂ ನಾವೇ. ಒಂದು ಮನೆಯವರು ಆಫೀಸಿಗೆ ಸರಿಯಾದ ಫೀಸು ಕೊಟ್ಟರೆ, ಅದೇ ಆಫೀಸಿನಲ್ಲಿ ಇನ್ನೊಂದು ಮನೆಯ ಮಗುವಿಗೆ ಸಂಜೆಯ ಕೆಲಸ ಹುಟ್ಟುತ್ತದೆ. ಈ ಸರಳ ಲೆಕ್ಕ ಅಕ್ಕಿ ಅಂಗಡಿಯಲ್ಲಿ, ಮೀನಿನ ದಕ್ಕೆಯಲ್ಲಿ ವ್ಯಾಪಾರ ಮಾಡಿ ಬೆಳೆದ ಸಮುದಾಯಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರಲ್ಲಿ ಹಣಕ್ಕಿಂತ ದೊಡ್ಡ ಅಪಾಯವೂ ಉಂಟು. ನಮ್ಮದು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕರಾವಳಿ. ಗುಡ್ಡ ತಗ್ಗಿಸಿ ಜಾಗ ಮಾಡುತ್ತೇವೆ, ತಗ್ಗಿಗೆ ಮಣ್ಣು ತುಂಬಿಸಿ ಮಟ್ಟ ಮಾಡುತ್ತೇವೆ. ಎರಡನೇ ವರ್ಷದ ವಿದ್ಯಾರ್ಥಿ ಹಾಕಿದ ಪ್ಲಾನನ್ನು ನೇರ ಮೇಸ್ತ್ರಿ ಕೈಗೆ ಕೊಟ್ಟು ಪಂಚಾಂಗ ಹಾಕಿಸುವವರು ಉಂಟು. ತಡೆಗೋಡೆ ಎಷ್ಟು ದಪ್ಪ, ತುಂಬಿಸಿದ ಮಣ್ಣಿನ ಮೇಲೆ ಅಡಿಪಾಯ ಎಷ್ಟು ಆಳ, ಕಂಬಕ್ಕೆ ಕಬ್ಬಿಣ ಎಷ್ಟು ಎಂಬುದನ್ನು ಲೆಕ್ಕ ಹಾಕುವುದು ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ. ವಿದ್ಯಾರ್ಥಿಯ ಗೆರೆ ಆ ಜವಾಬ್ದಾರಿ ಹೊರುವುದಿಲ್ಲ, ಹೊರಲೂ ಬಾರದು. ಬಿಟ್ಟಿ ಸಿಕ್ಕಿದ ಪ್ಲಾನಿಗೆ ಜವಾಬ್ದಾರಿ ಹೊರುವ ಹಿರಿಯರು ಯಾರೂ ಇರುವುದಿಲ್ಲ. ನಾಳೆ ಗೋಡೆ ಬಿರುಕು ಬಿಟ್ಟರೆ "ಅವನೇ ಹಾಕಿಕೊಟ್ಟದ್ದು" ಎಂದು ಬೆರಳು ಹೋಗುವುದು ಇಪ್ಪತ್ತು ವರ್ಷದ ಹುಡುಗನ ಕಡೆಗೆ. ಕುಟುಂಬದೊಳಗೆ ಮಾತು ಬಿಡುವುದಕ್ಕೆ ಅಷ್ಟು ಸಾಕು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಮಕ್ಕಳು ತಿಳಿದಿರಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ 'ಆರ್ಕಿಟೆಕ್ಟ್' ಎಂಬ ಹೆಸರು ಹಾಕಿಕೊಳ್ಳಬಹುದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಾಯ್ದೆಯ 37ನೇ ಸೆಕ್ಷನನ್ನು ವಿವರಿಸುತ್ತಾ, ಅದು ನಿಷೇಧಿಸುವುದು ನೋಂದಣಿ ಇಲ್ಲದವರು ಆ ಹೆಸರನ್ನು ಬಳಸುವುದನ್ನು, ಆ ಬಗೆಯ ಕೆಲಸ ಮಾಡುವುದನ್ನಲ್ಲ ಎಂದಿತು. ಅಂದರೆ ವಿದ್ಯಾರ್ಥಿ ಡ್ರಾಯಿಂಗ್ ಕೆಲಸ ಮಾಡಬಹುದು. ವಿಸಿಟಿಂಗ್ ಕಾರ್ಡಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹೆಸರಿನ ಮುಂದೆ 'ಆರ್ಕಿಟೆಕ್ಟ್' ಎಂದು ಹಾಕಿಕೊಳ್ಳುವ ಹಾಗಿಲ್ಲ. 'ಆರ್ಕಿಟೆಕ್ಚರ್ ವಿದ್ಯಾರ್ಥಿ' ಎಂದು ಬರೆಯಲು ನಾಚಿಕೆ ಯಾಕೆ?

"ಕಲಿಯಲಿಕ್ಕೆ ಬರುವುದಲ್ವಾ?"

ಆಫೀಸಿನವರ ಮಾತನ್ನೂ ಕೇಳೋಣ. "ನಾವು ಕಲಿಸುತ್ತೇವೆ, ಅವರು ಕಲಿಯುತ್ತಾರೆ. ಮೊದಲ ಎರಡು ತಿಂಗಳು ಅವರು ಮಾಡಿದ್ದನ್ನು ತಿದ್ದುವುದಕ್ಕೇ ನಮ್ಮ ಸಮಯ ಹೋಗುತ್ತದೆ. ಹಣ ಯಾಕೆ ಕೊಡಬೇಕು?" ಇದರಲ್ಲಿ ಸತ್ಯ ಉಂಟು. ಕಾಲೇಜಿನಲ್ಲಿ ಕಲಿತ ಆಟೋಕ್ಯಾಡಿಗೂ, ಸೈಟಿನಲ್ಲಿ ಬಡಗಿ ಓದಿ ಬಾಗಿಲು ಮಾಡುವಂಥ ಡ್ರಾಯಿಂಗಿಗೂ ಬಹಳ ವ್ಯತ್ಯಾಸ. ಲೇಯರ್ ಸರಿ ಇಟ್ಟುಕೊಳ್ಳದ, ಅಳತೆಯನ್ನು ಕೈಯಲ್ಲಿ ತಿದ್ದಿ ಬರೆಯುವ ವಿದ್ಯಾರ್ಥಿಯ ಫೈಲ್ ತೆರೆದರೆ ಹಿರಿಯರಿಗೆ ತಲೆನೋವು ಬರುತ್ತದೆ.

ದೊಡ್ಡವರ ಉದಾಹರಣೆಯೂ ಬರುತ್ತದೆ. ಬಾಲಕೃಷ್ಣ ದೋಷಿಯವರು 1951ರಲ್ಲಿ ಪ್ಯಾರಿಸಿಗೆ ಹೋಗಿ ಲೆ ಕಾರ್ಬೂಸಿಯೆ ಅವರ ಆಫೀಸಿನಲ್ಲಿ ಮೊದಲ ಎಂಟು ತಿಂಗಳು ಸಂಬಳ ಇಲ್ಲದೆ ದುಡಿದರು. ಮುಂದೆ 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಸರಿ. ಆದರೆ ಆ ಎಂಟು ತಿಂಗಳ ನಂತರ ಅವರಿಗೆ ಸಂಬಳ ಸಿಕ್ಕಿತು, ವಾಪಸು ಬಂದ ಮೇಲೆ ಅಹಮದಾಬಾದಿನಲ್ಲಿ ಅದೇ ಗುರುವಿನ ಕಟ್ಟಡಗಳನ್ನು ನೋಡಿಕೊಳ್ಳುವ ಹೊಣೆಯೂ ಸಿಕ್ಕಿತು. ನಮ್ಮ ಮಕ್ಕಳಿಗೆ ಸಂಬಳವಿಲ್ಲದೆ ಕೊಡುವ ಕೆಲಸ ಯಾವುದು? ಹಳೆಯ ಸ್ಕ್ಯಾನ್ ನೋಡಿ ಟಾಯ್ಲೆಟ್ ಡೀಟೇಲ್ ಮತ್ತೆ ಬಿಡಿಸುವುದು, ಅರವತ್ತು ಫ್ಲಾಟಿನ ಕಿಟಕಿಗೆ ನಂಬರ್ ಹಾಕುವುದು. ಆ ಕೆಲಸ ಬೇಡ ಎಂದು ನಾವು ಹೇಳುವುದಿಲ್ಲ, ಅದೂ ಒಂದು ಕಲಿಕೆ. ಆದರೆ ಗುರುವಿನ ಮಗ್ಗುಲಲ್ಲಿ ಕೂತು ಕಲಿಯುವುದಕ್ಕೂ, ಕ್ಲೈಂಟಿನ ಬಿಲ್ಲಿಗೆ ಸೇರುವ ಡ್ರಾಯಿಂಗ್ ಬಿಡಿಸಿ ಕೊಡುವುದಕ್ಕೂ ಒಂದೇ ಹೆಸರು ಇಡಬಾರದು. ಬಿಲ್ಲಿಗೆ ಸೇರುವ ಕೆಲಸದಲ್ಲಿ ಒಂದು ಪಾಲು ಮಾಡಿದವರಿಗೆ ಬರಬೇಕು.

ಹೊರಗಿನ ದೇಶಗಳಲ್ಲೂ ಈ ಮಾತು ನಡೆದಿದೆ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯ ಬೇಸಿಗೆ ಮಂಟಪದ ಕೆಲಸ ಜಪಾನಿನ ಒಬ್ಬ ಹೆಸರಾಂತ ಆರ್ಕಿಟೆಕ್ಟ್‌ಗೆ ಸಿಕ್ಕಿದಾಗ, ಅವರ ಆಫೀಸು ಸಂಬಳ ಇಲ್ಲದೆ ಇಂಟರ್ನ್‌ಗಳನ್ನು ದುಡಿಸುವ ವಿಷಯ ಹೊರಬಂತು. ಆ ಮಂಟಪದ ಕೆಲಸ ಮಾಡುವ ಎಲ್ಲರಿಗೂ ಸಂಬಳ ಕೊಡಲೇಬೇಕು ಎಂದು ಗ್ಯಾಲರಿ ಹೇಳಿತು. ಕೆಲಸ ಮಾಡಿಸುವವರು ಕೇಳಿದರೆ ಪದ್ಧತಿ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ನಮ್ಮಲ್ಲಿ ಕೆಲಸ ಮಾಡಿಸುವವರು ನಾವೇ.

ಕೋರ್ಸಿನ ಭಾಗವಾದ ಪ್ರಾಕ್ಟಿಕಲ್ ಟ್ರೈನಿಂಗ್ ಸೆಮಿಸ್ಟರಿನ ವಿಷಯ ಬೇರೆ. ಅದಕ್ಕೆ ಕಾಲೇಜಿನ ನಿಯಮ ಉಂಟು, ಪೂರ್ತಿ ದಿನ ಆಫೀಸಿನಲ್ಲಿ ಇರಬೇಕು, ಹೆಚ್ಚಿನವರು ಆಗ ಒಂದಿಷ್ಟು ಸ್ಟೈಪೆಂಡ್ ಕೊಡುತ್ತಾರೆ. ನಾವು ಹೇಳುವುದು ಅದಕ್ಕೆ ಮುಂಚಿನ ವರ್ಷಗಳ ಮಾತು, ಕ್ಲಾಸು ಮುಗಿಸಿ ಸಂಜೆ ಮೂರು ಗಂಟೆ ಕೂತು ಮಾಡುವ ಕೆಲಸದ ಮಾತು.

ಹೆಣ್ಣುಮಕ್ಕಳ ಲೆಕ್ಕ

ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳ ಕಷ್ಟ ಇನ್ನೊಂದು ತರ. ಡ್ರಾಫ್ಟಿಂಗ್ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಸಂಜೆ ಏಳರ ಮೇಲೆ ಬಸ್ಸಿಗೆ ಕಾಯಬೇಕಾಗಿಲ್ಲ, ಮನೆಯಲ್ಲಿ ತಕರಾರು ಇಲ್ಲ. ಅದಕ್ಕಾಗಿಯೇ ಸುಮಾರು ಹುಡುಗಿಯರು ಇದನ್ನು ಇಷ್ಟಪಡುತ್ತಾರೆ. ಆದರೆ ಮನೆಯಲ್ಲಿ ಮಾಡುವ ಕೆಲಸ ಮನೆಯವರ ಕಣ್ಣಿಗೆ ಕೆಲಸವಾಗಿ ಕಾಣುವುದಿಲ್ಲ. "ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾಳಲ್ಲ, ಸ್ವಲ್ಪ ಬಂದು ಪತ್ರೊಡೆ ಕಟ್ಟಲಿಕ್ಕೆ ಕೈ ಹಾಕು ಮಗಳೇ" ಎಂದು ಕರೆ ಬರುತ್ತದೆ. ಕೆಲಸ ಕೊಟ್ಟವರೂ "ಹೇಗೂ ಮನೆಯಲ್ಲೇ ಇರುವುದಲ್ವಾ" ಎಂದು ಅರ್ಧ ಹಣ ಹೇಳುತ್ತಾರೆ. ಗೋಡೆಯ ಅಳತೆ ಹುಡುಗ ಬಿಡಿಸಿದರೂ ಒಂದೇ, ಹುಡುಗಿ ಬಿಡಿಸಿದರೂ ಒಂದೇ. ಹಣ ಮಾತ್ರ ಯಾಕೆ ಎರಡು ತರ?

ಸೈಟಿಗೆ ಹೋಗಿ ಅಳತೆ ತೆಗೆಯುವ ಅವಕಾಶವನ್ನೂ ಅವರಿಂದ ಕಸಿಯಬಾರದು. ಬರೀ ಪರದೆ ನೋಡಿ ಗೆರೆ ಎಳೆದವರಿಗೆ ಕಟ್ಟಡ ಅರ್ಥವಾಗುವುದಿಲ್ಲ. ಉಪ್ಪನೋ ಅಣ್ಣನೋ ಜೊತೆಗೆ ಹೋಗಲಿ, ಕ್ಲಾಸಿನ ಇನ್ನಿಬ್ಬರು ಹುಡುಗಿಯರು ಸೇರಿ ಹೋಗಲಿ. ಟೇಪಿನ ಒಂದು ತುದಿ ಹಿಡಿದ ಮೇಲೆ ಅವಳು ಬಿಡಿಸುವ ಡ್ರಾಯಿಂಗೇ ಬದಲಾಗುತ್ತದೆ.

ಮಕ್ಕಳೇ, ನೀವೂ ಕೇಳಿ

ಕೆಲಸ ಹುಡುಕುವಾಗ ದೊಡ್ಡ ಆರ್ಕಿಟೆಕ್ಟ್ ಆಫೀಸನ್ನೇ ನೋಡಿ ಕೂರಬೇಡಿ. ಅಲ್ಯೂಮಿನಿಯಂ ಫ್ಯಾಬ್ರಿಕೇಷನ್‌ನವರಿಗೆ ಕಿಟಕಿಯ ಡ್ರಾಯಿಂಗ್ ಬೇಕು. ಮಾಡ್ಯುಲರ್ ಕಿಚನ್ ಅಂಗಡಿಯವರಿಗೆ ಅಡುಗೆಮನೆಯ ಅಳತೆ ಬೇಕು. ಮರದ ಕೆಲಸದವರಿಗೆ ವಾರ್ಡ್‌ರೋಬಿನ ವಿವರ ಬೇಕು. ಕಾಂಟ್ರಾಕ್ಟರ್‌ಗೆ ಕಟ್ಟಿ ಮುಗಿದ ಮೇಲೆ ಇದ್ದದ್ದು ಇದ್ದ ಹಾಗೆ ತೋರಿಸುವ ಡ್ರಾಯಿಂಗ್ ಬೇಕು. ಇವರ ಹತ್ತಿರ ಕಲಿಯುವುದು ಸಣ್ಣದೆಂದು ಎಣಿಸಬೇಡಿ, ವಸ್ತು ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಕಾಲೇಜಿಗಿಂತ ಚೆನ್ನಾಗಿ ಅವರು ತೋರಿಸಿಕೊಡುತ್ತಾರೆ.

ಗಲ್ಫಿನಲ್ಲಿ ನಮ್ಮವರು ಎಷ್ಟೋ ಮಂದಿ ಕನ್ಸಲ್ಟೆನ್ಸಿ, ಕಾಂಟ್ರಾಕ್ಟಿಂಗ್ ಕಂಪನಿಗಳಲ್ಲಿ ಇದ್ದಾರೆ. ನಮ್ಮ ಸಂಜೆ ಐದು ಗಂಟೆ ಎಂದರೆ ದುಬೈಯಲ್ಲಿ ಮೂರೂವರೆ, ರಿಯಾದಿನಲ್ಲಿ ಎರಡೂವರೆ. ನೀವು ಕ್ಲಾಸು ಬಿಟ್ಟು ಬರುವ ಹೊತ್ತಿಗೆ ಅಲ್ಲಿ ಆಫೀಸು ನಡೆಯುತ್ತಿರುತ್ತದೆ. ಇಲ್ಲಿಂದ ಡ್ರಾಫ್ಟಿಂಗ್ ಮಾಡಿ ಕಳಿಸುವುದಕ್ಕೆ ಈ ಹೊತ್ತು ಬಹಳ ಅನುಕೂಲ. ಪರಿಚಯದವರ ಮೂಲಕ ಹೋದರೂ ಒಂದು ಮಾತು: ಪರಿಚಯ ಬಾಗಿಲು ತೆರೆಯಲಿ, ಹಣದ ಮಾತು ಬಾಯಿಬಿಟ್ಟು ಆಡಿ.

ಕೆಲಸ ಶುರು ಮಾಡುವ ಮುಂಚೆ ಒಂದು ವಾಟ್ಸ್‌ಆ್ಯಪ್ ಸಂದೇಶವಾದರೂ ಬರೆದು ಕಳಿಸಿ: ಯಾವ ಯಾವ ಡ್ರಾಯಿಂಗ್, ಎಷ್ಟು ಸಲ ತಿದ್ದುವುದು, ಯಾವತ್ತು ಕೊಡುವುದು, ಎಷ್ಟು ಹಣ, ಅದು ಯಾವಾಗ. ಮುಂಗಡ ಸ್ವಲ್ಪ ತೆಗೆದುಕೊಳ್ಳಿ. ನೋಡಲಿಕ್ಕೆ ಪಿಡಿಎಫ್ ಕಳಿಸಿ, ಮೂಲ ಫೈಲನ್ನು ಲೆಕ್ಕ ಚುಕ್ತಾ ಆದ ಮೇಲೆ ಕೊಡಿ. ಇದು ಅವಿಶ್ವಾಸ ಅಲ್ಲ. ಸಾಲ-ಕೊಡುಕೊಳ್ಳುವಿಕೆಯನ್ನು ಬರೆದಿಡಬೇಕು ಎಂದು ನಮ್ಮ ದೀನ್ ನಮಗೆ ಕಲಿಸಿದ್ದು ಇದಕ್ಕೂ ಅನ್ವಯಿಸುತ್ತದೆ.

ಸಾಫ್ಟ್‌ವೇರಿನ ವಿಷಯ ಮರೆಯಬೇಡಿ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುವ ಲೈಸೆನ್ಸ್ ಒಂದೊಂದು ವರ್ಷದ್ದು, ಓದು ಇರುವ ತನಕ ನವೀಕರಿಸಬಹುದು. ಆದರೆ ಅದು ಕಲಿಕೆಗೆ ಮಾತ್ರ, ಹಣಕ್ಕೆ ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ. ಕದ್ದ ಸಾಫ್ಟ್‌ವೇರ್ ಮಾತಂತೂ ಬೇಡವೇ ಬೇಡ. ಆಫೀಸಿನ ಕೆಲಸವನ್ನು ಆಫೀಸಿನ ಕಂಪ್ಯೂಟರಿನಲ್ಲೇ ಮಾಡಲು ಕೇಳಿ. ಸಣ್ಣಪುಟ್ಟ ಕೆಲಸಕ್ಕೆ ಲಿಬ್ರೆಕ್ಯಾಡ್, ಫ್ರೀಕ್ಯಾಡ್, ತ್ರೀಡಿಗೆ ಬ್ಲೆಂಡರ್ ಹೀಗೆ ಉಚಿತವಾಗಿ ಬಳಸಬಹುದಾದವೂ ಉಂಟು.

ಸಂಜೆಯ ಕೆಲಸ ಓದನ್ನು ತಿಂದುಹಾಕಲು ಬಿಡಬೇಡಿ. ಸಬ್‌ಮಿಷನ್ ವಾರದಲ್ಲಿ ಆಗುವುದಿಲ್ಲ ಎಂದು ಮೊದಲೇ ಹೇಳಿ. ಆಫೀಸಿನಲ್ಲಿ ಮಾಡಿದ ಡ್ರಾಯಿಂಗನ್ನು ಪೋರ್ಟ್‌ಫೋಲಿಯೋದಲ್ಲಿ ಹಾಕುವಾಗ ಕೇಳಿ ಹಾಕಿ, ನೀವು ಮಾಡಿದ ಭಾಗ ಯಾವುದೆಂದು ಬರೆಯಿರಿ. ಕೆಲಸದಲ್ಲಿ ಅಚ್ಚುಕಟ್ಟು ಇರಲಿ. ಹಣ ಕೇಳುವವನ ಲೇಯರ್ ಸರಿ ಇರಬೇಕು, ಹೇಳಿದ ದಿನ ಫೈಲ್ ತಲುಪಬೇಕು. ಅರ್ಧಂಬರ್ಧ ಕೆಲಸ ಕೊಟ್ಟು ಫೋನ್ ತೆಗೆಯದ ಒಬ್ಬ ಹುಡುಗನಿಂದ ಅವನ ಹಿಂದೆ ಬರುವ ಹತ್ತು ಮಂದಿಗೆ ಬಾಗಿಲು ಮುಚ್ಚುತ್ತದೆ.

ಹಿರಿಯರ ಕೈಯಲ್ಲಿ ಏನುಂಟು

ನಮ್ಮ ಸಲಹೆ ಸರಳ. ಮನೆ ಕಟ್ಟುವವರು ನೋಂದಾಯಿತ ಆರ್ಕಿಟೆಕ್ಟ್ ಅಥವಾ ಲೈಸೆನ್ಸ್ ಇರುವ ಇಂಜಿನಿಯರನ್ನು ಹಿಡಿಯಲಿ, ಅವರಿಗೆ ಡ್ರಾಯಿಂಗಿನ ಫೀಸು ಕೊಡಲಿ. ಕುಟುಂಬದ ಹುಡುಗ ಅಥವಾ ಹುಡುಗಿಗೆ ಆ ಕೆಲಸದಲ್ಲಿ ಪಾಲು ಸಿಗಬೇಕೆಂದಿದ್ದರೆ, "ನಿಮ್ಮ ಕೈಕೆಳಗೆ ಇವರು ಮಾಡಲಿ, ಇವರ ಗಂಟೆಯ ಲೆಕ್ಕ ಬಿಲ್ಲಿನಲ್ಲಿ ಹಾಕಿ" ಎಂದು ಹೇಳಿ. ತಿದ್ದುವ ಹಿರಿಯರೂ ಇದ್ದಾರೆ, ಮಗುವಿನ ಕೈಗೆ ಹಣವೂ ಬರುತ್ತದೆ, ಮನೆಯೂ ಗಟ್ಟಿ ನಿಲ್ಲುತ್ತದೆ.

ಎಷ್ಟು ಕೊಡುವುದು ಎಂದು ಕೇಳಿದರೆ, ಅಳತೆಗೋಲು ನಮ್ಮ ಸೈಟಿನಲ್ಲೇ ಉಂಟು. ಮೊದಲೆರಡು ವರ್ಷದ ವಿದ್ಯಾರ್ಥಿಗೆ ಕೈಯಾಳಿನ ಕೂಲಿಯನ್ನು ಗಂಟೆಗೆ ಭಾಗಿಸಿ ಕೊಡಿ. ಮೂರನೇ ವರ್ಷ ದಾಟಿದವರಿಗೆ ಮೇಸ್ತ್ರಿಯ ಕೂಲಿಯ ಲೆಕ್ಕದಲ್ಲಿ ಕೊಡಿ. ಊರಿನ ರೇಟು ಏರಿದ ಹಾಗೆ ಇದೂ ಏರುತ್ತದೆ, ಯಾರೂ ಚೌಕಾಸಿ ಮಾಡಬೇಕಾಗಿಲ್ಲ. ನಾವು ಕೇಳುವುದು ಇಷ್ಟೇ.

ಜಮಾಅತ್‌ಗಳಿಗೂ ಒಂದು ಮಾತು. ನಮ್ಮ ಎಷ್ಟೋ ಮಸೀದಿ, ಮದ್ರಸಗಳಿಗೆ ತಮ್ಮದೇ ಕಟ್ಟಡದ ಸರಿಯಾದ ಒಂದು ಡ್ರಾಯಿಂಗ್ ಇಲ್ಲ. ಮೇಲೊಂದು ಮಹಡಿ ಏರಿಸಬೇಕೆಂದಾಗ, ವುಝೂ ಮಾಡುವ ಜಾಗ ವಿಸ್ತರಿಸಬೇಕೆಂದಾಗ ಮತ್ತೆ ಟೇಪ್ ಹಿಡಿಯಬೇಕು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಲು ದೂರದಿಂದ ಜನ ಬರುತ್ತಾರೆ. ಅಷ್ಟು ಹೆಸರಿಲ್ಲದ, ಮುರಕಲ್ಲು-ಹಂಚಿನ ಹಳೆಯ ಸಣ್ಣ ಮಸೀದಿಗಳು, ನಡುಮನೆಯ ದೊಡ್ಡ ಕುಟುಂಬದ ಮನೆಗಳು ಒಂದೊಂದಾಗಿ ಕಾಂಕ್ರೀಟಿಗೆ ದಾರಿ ಬಿಡುತ್ತಿವೆ. ಕೆಡವುವ ಮೊದಲು ಅವುಗಳ ಅಳತೆ ತೆಗೆದು ಡ್ರಾಯಿಂಗ್ ಮಾಡಿಸಿ ಇಡಬಹುದು. ನಾಲ್ಕು ವಿದ್ಯಾರ್ಥಿಗಳು ಎರಡು ವಾರ ರಜೆಯಲ್ಲಿ ಮಾಡುವ ಕೆಲಸ ಅದು. ಅವರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಿ. ಊರಿನ ನೆನಪೂ ಉಳಿಯುತ್ತದೆ, ನಾಲ್ಕು ಮನೆಯ ಮಕ್ಕಳ ಒಂದು ಸೆಮಿಸ್ಟರಿನ ಶೀಟಿನ ಖರ್ಚೂ ಹುಟ್ಟುತ್ತದೆ.

ಪ್ರತಿವರ್ಷ ವೇದಿಕೆ ಹಾಕಿ ಸ್ಕಾಲರ್‌ಶಿಪ್ ಚೆಕ್ ಕೊಡುವ ನಮ್ಮ ಸಂಘಟನೆಗಳಲ್ಲಿ ಬಿಲ್ಡರ್‌ಗಳಿದ್ದಾರೆ, ಕಾಂಟ್ರಾಕ್ಟರ್‌ಗಳಿದ್ದಾರೆ, ಟೈಲ್ಸ್ ಅಂಗಡಿಯ ಮಾಲಕರಿದ್ದಾರೆ. ಚೆಕ್ ಕೊಡುವ ದಿನವೇ ತಮ್ಮ ಆಫೀಸಿನಲ್ಲಿ ಸಂಜೆಯ ಹೊತ್ತು ಎಷ್ಟು ಕುರ್ಚಿ ಖಾಲಿ ಉಂಟು, ಗಂಟೆಗೆ ಎಷ್ಟು ಕೊಡುತ್ತೇವೆ ಎಂಬ ಪಟ್ಟಿಯನ್ನೂ ಅವರು ಓದಿ ಹೇಳಲಿ. ಆ ಪಟ್ಟಿಯಲ್ಲಿ ಹತ್ತು ಹೆಸರು ಸೇರಿದರೂ ಆ ವರ್ಷ ಹತ್ತು ಮಕ್ಕಳು ಯಾರ ಮುಂದೆಯೂ ಕೈಚಾಚದೆ ಓದುತ್ತಾರೆ.